ದೊಡ್ಡವ್ವ ಕಾರನ್ನು ದಿಬ್ಬ ಏರಿಸಿದ್ದು

ನನ್ನ ದೊಡ್ಡವ್ವನಿಗೆ ಅನ್ಯಾಯವಾಗಿದೆ. ಹೋದ ಚಳಿಗಾಲದಲ್ಲಿ ರಾಯಚೂರಿನ ಮೈದಾನವೊಂದರಲ್ಲಿ ಹಳೆಯ ಕಾರುಗಳ ಪ್ರದರ್ಶನ ನಡೆಯಿತು. ಅಲ್ಲಿ ನಿಲ್ಲಿಸಿದ್ದ ಒಂದು ಕಪ್ಪು ಕಾರಿನ ಮುಂದೆ ಹೀಗೊಂದು ಫಲಕವಿತ್ತು: ‘ಮಾನ್ವಿಯ ಅಕ್ಕಿ ಮಿಲ್ಲಿನಲ್ಲಿ ಗುಜರಿಯಾಗಿ ಬಿದ್ದಿದ್ದ ಈ ವಾಹನಕ್ಕೆ ಮೊತ್ತಮೊದಲು ಮರುಜೀವ ಕೊಟ್ಟವರು ಇದರ ಈಗಿನ ಮಾಲೀಕರು.’ ಇದು ಸುಳ್ಳು. ಹಿಂದಿನ ಬಾಗಿಲಿಗೆ ಹಿಡಿಕೆಯ ಬದಲು ಹಾಕಿದ ಹಿತ್ತಾಳೆಯ ಅಗುಳಿಯನ್ನು ನೋಡಿದೊಡನೆ ನಾನು ಆ ಕಾರನ್ನು ಗುರುತಿಸಿದೆ. ಸಂಘಟಕರಲ್ಲೊಬ್ಬರನ್ನು ಕರೆದು, ಇದನ್ನು ದುರಸ್ತಿ ಮಾಡಿ ಓಡಿಸಿದವಳು ನನ್ನ ತಾಯಿಯ ಅಕ್ಕ ಶರಣಮ್ಮ, ನಾನು ಕಣ್ಣಾರೆ ಕಂಡಿದ್ದೇನೆ ಎಂದೆ. ಅವರು ನಕ್ಕರು. “ಆಗಿನ ಕಾಲದಾಗ ಹೆಣ್ಮಕ್ಳು ಕಾರ್ ರಿಪೇರಿ ಮಾಡ್ತಿದ್ರೇನ್ರೀ ಅಮ್ಮಾ? ಕಥಿ ಭಾಳ ಚಲೋ ಅದ,” ಎಂದು ಹೇಳಿ ನನಗೊಂದು ಕುರ್ಚಿ ತರಿಸಿದರು. ಆ ಕುರ್ಚಿಯಲ್ಲಿ ನಾನು ಕೂಡಲಿಲ್ಲ. ಅವರು ‘ಕಥಿ’ ಎಂದದ್ದನ್ನು ಮರೆತೂ ಇಲ್ಲ. ಆದ್ದರಿಂದ ಕಂಡದ್ದನ್ನು ಕಂಡ ಕ್ರಮದಲ್ಲಿಯೇ ಬರೆದಿಡುತ್ತಿದ್ದೇನೆ.

ನಾವು ಚಿಕ್ಕವರಿದ್ದಾಗ, ರಾಯಚೂರಿನ ಬಿಸಿಲಿನಿಂದ ಮಕ್ಕಳನ್ನು ಪಾರುಮಾಡಲೆಂದು ಮಾನ್ವಿಯ ಬಿಸಿಲಿಗೆ ಕಳಿಸುವ ಪದ್ಧತಿ ನಮ್ಮ ಮನೆಯಲ್ಲಿತ್ತು. ಶಾಲೆ ಮುಚ್ಚಿದ ಮರುದಿನವೇ ನನ್ನನ್ನು ಬಸ್ಸಿಗೆ ಹತ್ತಿಸುತ್ತಿದ್ದರು. ದೊಡ್ಡವ್ವನ ಮನೆ ಮಿಲ್ಲಿನ ಅಂಗಳದಲ್ಲೇ ಇತ್ತು. ಕುದಿಸಿದ ಭತ್ತದ ಹಬೆ, ತೌಡಿನ ಸಿಹಿ ವಾಸನೆ, ಇಂಜಿನ್ನಿನ ಎಣ್ಣೆಯ ಕಮಟು ಎಲ್ಲ ಬೆರೆತು ನಮ್ಮ ಕೂದಲಿನಲ್ಲಿ ಕೂತುಬಿಡುತ್ತಿತ್ತು. ಬೆಳಿಗ್ಗೆ ಸಜ್ಜೆ ರೊಟ್ಟಿ ಮತ್ತು ಶೇಂಗಾ ಹಿಂಡಿ, ಸಂಜೆ ಮಂಡಾಳ ಒಗ್ಗರಣೆ. ನಡುವಿನ ಹೊತ್ತೆಲ್ಲ ಅಕ್ಕಿ ಚೀಲಗಳ ಮೇಲೆ ಕೂತು ಗಜ್ಜುಗದ ಆಟ.

ದೊಡ್ಡಪ್ಪ ಗಲ್ಲೆಯಲ್ಲಿ ಕೂತು ವ್ಯಾಪಾರ ನೋಡುತ್ತಿದ್ದ. ಮಿಲ್ಲಿನ ಇಂಜಿನ್ನು ದೊಡ್ಡವ್ವನ ಪಾಲಿನದು. ಯಾರೂ ಅವಳಿಗೆ ವಹಿಸಿದ್ದಲ್ಲ, ಅವಳೇ ಕಸಿದುಕೊಂಡದ್ದು. ಅದರ ಸದ್ದು ಸ್ವಲ್ಪ ತಪ್ಪಿದರೂ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಓಡುವಳು. ಸರಿಪಡಿಸಿದ ಮೇಲೆ ಸುಮ್ಮನಿರುವ ಹೆಂಗಸೂ ಅಲ್ಲ. ಇಡೀ ತಾಲ್ಲೂಕಿನಲ್ಲಿ ತನ್ನಂಥವರು ಮತ್ತೊಬ್ಬರಿಲ್ಲ ಎಂದು ಊಟ ಮುಗಿಯುವವರೆಗೂ ಹೇಳುವಳು. ಅದು ನಿಜವೂ ಆಗಿತ್ತು.

ಮಿಲ್ಲಿನ ಹಿಂದೆ, ತಗ್ಗಿನಲ್ಲಿದ್ದ ತಗಡಿನ ಕೊಟ್ಟಿಗೆಯಲ್ಲಿ ಆ ಕಾರು ನಿಂತಿತ್ತು. ದೊಡ್ಡಪ್ಪನ ತಂದೆ ಅದನ್ನು ರಾಯಚೂರಿನ ವಕೀಲರೊಬ್ಬರಿಂದ ಕೊಂಡು ತಂದದ್ದಂತೆ. ಕಂಪನಿಯ ಬಿಲ್ಲೆ ಎಂದೋ ಬಿದ್ದುಹೋಗಿ, ಅದು ಯಾವ ಜಾತಿಯ ಕಾರೆಂದು ಹೇಳುವವರೇ ಇರಲಿಲ್ಲ. ದೊಡ್ಡವ್ವ ಮದುವೆಯಾಗಿ ಮಸರಕಲ್ಲಿನಿಂದ ಬಂದದ್ದು ಅದೇ ಕಾರಿನಲ್ಲಿ. ಊರ ಮುಂದಿನ ಏರಿನಲ್ಲಿ ಕಾರು ಭೋರಿಡುತ್ತ ನಿಂತುಬಿಟ್ಟಿತು. ಬೀಗರೆಲ್ಲ ಇಳಿದು ದೂಡಿದರು. ಕೊನೆಗೆ ಎತ್ತು ಕಟ್ಟಿ ಎಳೆಸಿದರು. ಹೊಸ್ತಿಲಲ್ಲಿ ಕಾದಿದ್ದ ಅತ್ತೆ, ಅಂದರೆ ದೊಡ್ಡಪ್ಪನ ತಾಯಿ, ನಾವೆಲ್ಲ ಆಯಿ ಎನ್ನುತ್ತಿದ್ದವಳು, ನೆರೆದವರ ಮುಂದೆಯೇ ಸೊಸೆಯ ಕಾಲ್ಗುಣ ಸರಿಯಿಲ್ಲ ಎಂದಳು. ಅಂದಿನಿಂದ ಕಾರು ಕೊಟ್ಟಿಗೆ ಸೇರಿತು, ಮಾತು ಮಾತ್ರ ಹೊರಗೇ ಉಳಿಯಿತು. ಹಾಲು ಒಡೆದರೂ, ಮಳೆ ತಡವಾದರೂ ಆಯಿ ಕಟ್ಟೆಯ ಮೇಲೆ ಕೂತು, “ಬಂದ ದಿನಾನೇ ಗಾಡಿ ನಿಂದ್ರಿಸಿದಾಕಿ,” ಎನ್ನುತ್ತಿದ್ದಳು.

ನನಗೆ ಹತ್ತು ವರ್ಷವಾಗಿದ್ದ ಆ ಬೇಸಿಗೆಯಲ್ಲಿ, ದೊಡ್ಡಪ್ಪ ಹೊಸ ಯಂತ್ರ ಇಡಲು ಕೊಟ್ಟಿಗೆ ಖಾಲಿ ಮಾಡಿಸುವುದಾಗಿಯೂ, ಕಾರಹುಣ್ಣಿಮೆ ಕಳೆದ ಮೇಲೆ ಗುಜರಿಯವನು ಬಂದು ಕಾರನ್ನು ಒಡೆದು ಒಯ್ಯುವುದಾಗಿಯೂ ತಿಳಿಸಿದ. ದೊಡ್ಡವ್ವ ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟಳು.

“ಅದನ್ನ ಒಡದ್ರ ನಿಮ್ಮವ್ವನ ಮಾತು ಖರೇ ಆಗಿ ಉಳೀತದ. ತಪ್ಪು ಗಾಡಿದೋ ನಂದೋ, ನಾ ನೋಡ್ತೀನಿ.”

ದೊಡ್ಡಪ್ಪ ಸಾಧು ಮನುಷ್ಯ, ಆದರೆ ಕೀಟಲೆಯವನು. “ನೋಡು. ತನ್ನ ಕಾಲ ಮ್ಯಾಲೆ ತಾನು ದಿಬ್ಬ ಏರಿ ಮಿಲ್ಲಿನ ಮುಂದ ಬಂದು ನಿಂತ್ರ ಇರ್ಲಿ. ಇಲ್ಲಂದ್ರ ಗುಜರಿ,” ಎಂದ.

ಕೊಟ್ಟಿಗೆಯಿಂದ ಅಂಗಳಕ್ಕೆ ಬರಲು ಮಣ್ಣಿನ ದಿಬ್ಬವೊಂದನ್ನು ಏರಲೇಬೇಕಿತ್ತು. ಭತ್ತದ ಬಂಡಿಗಳೇ ಅಲ್ಲಿ ಏದುಸಿರು ಬಿಡುತ್ತಿದ್ದವು.

ಮರುದಿನವೇ ಕೆಲಸ ಆರಂಭವಾಯಿತು. ಪೆಟ್ರೋಲ್ ಟಾಕಿಯ ತುಕ್ಕನ್ನು ಮರಳು ಹಾಕಿ ಕುಲುಕಿ ತೆಗೆದಳು. ಇಲಿಗಳು ಗೂಡು ಕಟ್ಟಿದ್ದ ಕೊಳವೆಗಳನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದಳು. ಹಿಡಿಕೆ ಮುರಿದಿದ್ದ ಹಿಂಬಾಗಿಲಿಗೆ ದೇವರಕೋಣೆಯ ಹಳೆಯ ಹಿತ್ತಾಳೆಯ ಅಗುಳಿಯನ್ನು ಜಡಿದಳು. ಬಿಚ್ಚಿದ ಭಾಗಗಳನ್ನು ಕ್ರಮ ತಪ್ಪದಂತೆ ಚಾಪೆಯ ಮೇಲೆ ಜೋಡಿಸುವುದು ನನ್ನ ಕೆಲಸ. ಒಂದನ್ನು ಅದಲುಬದಲು ಮಾಡಿದರೂ, “ನಿಮ್ಮವ್ವ ನಿನಗ ಸಾಲಿಗ್ಯಾಕ ಕಳಸ್ತಾಳ?” ಎನ್ನುತ್ತಿದ್ದಳು. ನಾನು ಇಂದಿಗೂ ಚಮಚಗಳನ್ನು ಕ್ರಮವಾಗಿ ಇಡುವವಳಾದದ್ದು ಆ ಚಾಪೆಯ ಮೇಲೆ.

ಒಂದು ಮುಂಜಾನೆ ಹ್ಯಾಂಡಲ್ ತಿರುವಿದಾಗ ಇಂಜಿನ್ನು ಕೆಮ್ಮಿತು, ಹೊಗೆಯುಗುಳಿತು, ಆಮೇಲೆ ತಾಳ ಹಿಡಿದು ನಡೆಯತೊಡಗಿತು. ಹಮಾಲರೆಲ್ಲ ಚೀಲ ಇಳಿಸಿ ಓಡಿಬಂದರು. ದೊಡ್ಡವ್ವ ಚುಕ್ಕಾಣಿ ಹಿಡಿದಳು. ಕಾರು ಸಮನೆಲದಲ್ಲಿ ಹೊರಟಿತು, ದಿಬ್ಬದ ಬುಡಕ್ಕೆ ಬಂದೊಡನೆ ಭೋರಿಟ್ಟು ನಿಂತಿತು. ಇಂಜಿನ್ನು ಎಷ್ಟು ಕೂಗಿದರೂ ಚಕ್ರ ಅಲುಗಲಿಲ್ಲ. ಕಟ್ಟೆಯ ಮೇಲೆ ಕೂತ ಆಯಿ ಎಲೆಅಡಿಕೆಯ ಚೀಲ ಬಿಚ್ಚಿದಳು. ಬಾಯಿಬಿಟ್ಟು ಅನ್ನುವುದಕ್ಕಿಂತ ಅದು ಹೆಚ್ಚಾಯಿತು.

ದೊಡ್ಡವ್ವ ಮಾತ್ರ ಮೂಗರಳಿಸಿ ನಿಂತಿದ್ದಳು. ಅರಿವೆ ಸುಟ್ಟ ವಾಸನೆ ಬರುತ್ತಿತ್ತು. ಇಂಜಿನ್ನಿನ ಬಲವನ್ನು ಚಕ್ರಕ್ಕೆ ದಾಟಿಸುವ ಕ್ಲಚ್ಚನ್ನು ಬಿಚ್ಚಿದಳು. ಬುಟ್ಟಿಯಾಕಾರದ ಕಬ್ಬಿಣದ ಸುತ್ತ ಮಡಿಕೆ ಮಡಿಕೆಯಾಗಿ ಹೊಲಿದ ದಪ್ಪ ಬಟ್ಟೆ, ಅಂಚಿನಲ್ಲಿ ಕರಕಲು. ನನಗೆ ಅದು ಸಹಜವಾಗಿಯೇ ಕಂಡಿತು. ಅವಳಿಗೆ ಹಾಗೆ ಕಾಣಲಿಲ್ಲ. ಕಾರು ಮಾಡಿದವರು ಸೂಜಿ ದಾರ ಹಿಡಿದು ಕೂಡುವವರಲ್ಲ, ಇದು ಆಮೇಲೆ ಯಾರೋ ಮಾಡಿದ್ದು, ಮೊದಲು ಇಲ್ಲಿ ಏನಿತ್ತು ಎಂದು ತಿಳಿಯದೆ ತಾನು ಕೈಹಚ್ಚುವುದಿಲ್ಲ ಎಂದಳು. ಕಾರಹುಣ್ಣಿಮೆ ಹತ್ತಿರವಾಗಿತ್ತು, ದೊಡ್ಡಪ್ಪ ಅದನ್ನು ನೆನಪಿಸಿದ. ಅವಳು ಸೀರೆ ಬದಲಿಸಿ, ನನ್ನ ಕೈ ಹಿಡಿದು ರಾಯಚೂರಿನ ಬಸ್ಸು ಹತ್ತಿದಳು.

ವಕೀಲರು ಹಣ್ಣುಹಣ್ಣು ಮುದುಕರಾಗಿದ್ದರು. ಗೋಪಿಚಂದನದ ಮುದ್ರೆಗಳಿದ್ದ ತೋಳಿನಿಂದ ತಾವೇ ಬೀಸಣಿಕೆ ಬೀಸಿಕೊಳ್ಳುತ್ತ, ಸೊಸೆಯಿಂದ ನಮಗೆ ಪಾನಕ ಕೊಡಿಸಿದರು. ಕಾರಿನ ಸುದ್ದಿ ಎತ್ತಿದೊಡನೆ ಅವರ ಮುಖ ಅರಳಿತು. ಊರು ಬಿಟ್ಟು ಹೊರಟಿದ್ದ ಇಂಗ್ಲಿಷ್ ಇಂಜಿನಿಯರರೊಬ್ಬರಿಂದ ತಾವು ಅದನ್ನು ಪಡೆದದ್ದನ್ನೂ, ಅದರಲ್ಲಿ ಕೋರ್ಟಿಗೆ ಹೋಗುತ್ತಿದ್ದುದನ್ನೂ ನೆನೆದರು. ಆದರೆ ಕ್ಲಚ್ಚಿನ ಮಾತು ಬಂದಾಗ ತಡವರಿಸಿದರು.

“ಆ ಗಾಡಿ ನನಗ ಎಂದೂ ಮೋಸ ಮಾಡ್ಲಿಲ್ಲವ್ವಾ. ನಾನೇ ಅದಕ್ಕ ಏನೋ ಮಾಡಿಸ್ದೆ. ಏನಂತ ನೆನಪಾಗವಲ್ದು. ಹುಸೇನಸಾಬ ನನ್ನ ಡ್ರೈವರ್ ಇದ್ದ, ಈಗ ದೇವದುರ್ಗದಾಗ ಇದ್ದಾನ. ಅವನ್ನ ಕೇಳು. ನಾ ಕೇಳೀನಂತ ಹೇಳು.”

ದೇವದುರ್ಗದಲ್ಲಿ ಹುಸೇನಸಾಬನದು ಸೈಕಲ್ ಅಂಗಡಿ. ಕಾರಿನ ಹೆಸರು ಕೇಳಿದೊಡನೆ ಅವನು ಮದುವೆ ಮಾಡಿ ಕೊಟ್ಟ ಮಗಳನ್ನು ವಿಚಾರಿಸುವಂತೆ ವಿಚಾರಿಸಿದ: ಮಳೆಗೆ ನಿಂತಿದೆಯೋ, ನೆರಳಿದೆಯೋ, ಗಾಜು ಒಡೆದಿದೆಯೋ. ಆಮೇಲೆ ದೊಡ್ಡವ್ವ ಚೀಲದಿಂದ ಕರಕಲು ಬಟ್ಟೆ ತೆಗೆದು ಮುಂದಿಟ್ಟಳು. ಅವನು ಅದನ್ನು ಮುಟ್ಟಲಿಲ್ಲ.

“ಇದು ನನ್ನ ಕೈ ಹೊಲಿಗಿ ಯವ್ವಾ. ವಕೀಲಸಾಹೇಬ್ರು ಮಠಕ್ಕ ಹೋಗಿ ಬಂದು, ಹುಸೇನಾ, ಗಾಡ್ಯಾಗ ಚರ್ಮ ಎಲ್ಲೆಲ್ಲಿ ಅದ ಅಷ್ಟೂ ತಗೀ ಅಂದ್ರು. ಮಡಿಗೆ ಆಗಂಗಿಲ್ಲಂತ. ಸೀಟಿಂದು ತಗದೆ. ಕ್ಲಚ್ಚಿನ ಮ್ಯಾಲೂ ಚರ್ಮ ಇತ್ತು. ಅದು ಇರ್ಲಿ ಸಾಬ್, ಯಾರಿಗೂ ಕಾಣಂಗಿಲ್ಲ ಅಂದೆ. ಕಾಣಂಗಿಲ್ಲಂದ್ರ ಇಲ್ಲಂತೇನು ಅಂದ್ರು. ಡೇರೆ ಅರಿವಿ ಮಡಚಿ ಹೊಲದು ಹಾಕ್ದೆ. ಸಪಾಟ ದಾರ್ಯಾಗ ಓಡ್ತಿತ್ತು. ಏರು ಬಂತಂದ್ರ ನಿಂತು ಬಿಡ್ತಿತ್ತು.”

ದೊಡ್ಡವ್ವ ಒಂದನ್ನೇ ಕೇಳಿದಳು. “ಇದು ನಮ್ಮ ಮಾವ ಗಾಡಿ ತಗೊಳ್ಳೋಕಿಂತ ಮೊದಲೋ, ಆಮ್ಯಾಲೋ?”

“ಮೊದಲೇ. ಏರಂಗಿಲ್ಲಂತನೇ ಮಾರಿದ್ರು.”

ಮರಳುವ ಬಸ್ಸಿನಲ್ಲಿ, ಮಾನ್ವಿ ಹತ್ತಿರವಾದಾಗ ಕಿಟಕಿಯ ಕಡೆ ಮುಖ ಮಾಡಿಕೊಂಡೇ, “ಅವತ್ತು ಗಾಡಿ ದೂಡಿ, ನಮ್ಮತ್ತಿ ಮಾತು ಕೇಳಿ, ನಮ್ಮಪ್ಪ ನೀರೂ ಕುಡೀಲಾರ್ದ ಹೋದ. ಸಾಯೋತನಕ ನಮ್ಮ ಮನಿಗೆ ಬರಲಿಲ್ಲ,” ಎಂದಳು. ಧೂಳಿಗೆ ಕಣ್ಣೊರೆಸಿಕೊಂಡಳೆಂದು ನಾನು ಅಂದು ತಿಳಿದೆ.

ಚರ್ಮಕ್ಕೆ ಅವಳು ದೂರ ಹೋಗಲಿಲ್ಲ. ಯಂತ್ರ ತಿರುಗಿಸುವ ಮಿಲ್ಲಿನ ಬೆಲ್ಟೇ ದಪ್ಪ ಚರ್ಮದ್ದು, ಅದರ ಉಳಿದ ತುಂಡು ಅಟ್ಟದಲ್ಲಿತ್ತು. ಕ್ಲಚ್ಚಿನ ಬುಟ್ಟಿಗೆ ಸುಕ್ಕಿಲ್ಲದೆ ಕೂಡಬೇಕಾದರೆ ಅದನ್ನು ನೇರ ಪಟ್ಟಿಯಾಗಿ ಕತ್ತರಿಸಿದರೆ ಆಗದು. ದೊಡ್ಡವ್ವ ಹಳೆಯ ದಿನಪತ್ರಿಕೆಯನ್ನು ಬುಟ್ಟಿಗೆ ಬಿಗಿಯಾಗಿ ಸುತ್ತಿ, ಅಂಚು ಗೀರಿ, ಬಿಡಿಸಿ ನೆಲಕ್ಕೆ ಹಾಸಿದಳು. ಕಾಗದ ಬಿಲ್ಲಿನಂತೆ ಬಾಗಿ ಬಿದ್ದಿತು. ಕುಬುಸದ ತೋಳು ಕತ್ತರಿಸುವುದೂ ಹೀಗೆಯೇ ಎಂದು ನನಗೆ ತೋರಿಸಿದಳು. ಕತ್ತರಿಸಿದ ಚರ್ಮವನ್ನು ಆಯಿಯ ಹಿತ್ತಾಳೆಯ ಪರಾತದಲ್ಲಿ ಔಡಲ ಎಣ್ಣೆ ಸುರಿದು ನೆನೆಯಿಟ್ಟಳು. ಇಡೀ ಮನೆಗೆ ಎಣ್ಣೆಯ ಕಮಟು ಹಿಡಿಯಿತು. ಆಮೇಲೆ ತಾಮ್ರದ ಮೊಳೆಗಳ ತಲೆ ಚರ್ಮದೊಳಗೆ ಹುದುಗುವಂತೆ ಬಡಿದಳು. ಒಂದು ಮೊಳೆ ಎದ್ದು ನಿಂತಿತೆಂದು ಎಲ್ಲವನ್ನೂ ಬಿಚ್ಚಿ ಮತ್ತೆ ಬಡಿದಳು. ಅಂಥ ಕೈಯನ್ನು ನಾನು ಇನ್ನೊಬ್ಬರಲ್ಲಿ ಕಂಡಿಲ್ಲ, ಮತ್ತು ಹಾಗೆ ಹೇಳಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಪರಾತ ಕೆಟ್ಟ ಸಿಟ್ಟು ಆಯಿಗೆ ಇದ್ದೇ ಇತ್ತು. “ಎಣ್ಣಿ ಹಚ್ಚಿ ಚರ್ಮ ಸುತ್ತಿದ್ರ ನಸೀಬು ತಿರುಗ್ತದೇನಬೇ?” ಎಂದಳು.

“ನಸೀಬು ಬ್ಯಾಡತ್ತಿ, ಚಕ್ರ ತಿರುಗಿದ್ರ ಸಾಕು,” ಎಂದಳು ದೊಡ್ಡವ್ವ.

ಕಾರಹುಣ್ಣಿಮೆಯ ಬೆಳಿಗ್ಗೆ ಊರ ಎತ್ತುಗಳಿಗೆಲ್ಲ ಬಣ್ಣ ಬಳಿಯುತ್ತಿದ್ದರು. ಹುಸೇನಸಾಬ ಮೊದಲ ಬಸ್ಸಿಗೇ ಬಂದಿದ್ದ. ಆದರೆ ಚುಕ್ಕಾಣಿ ಹಿಡಿಯಲು ಒಪ್ಪದೆ ಪಕ್ಕದಲ್ಲಿ ಕೂತ. ಕಟ್ಟೆಯ ಮೇಲೆ ಆಯಿ, ಗಲ್ಲೆಯಿಂದೆದ್ದು ಬಂದ ದೊಡ್ಡಪ್ಪ, ಎತ್ತಿನ ಹಗ್ಗ ಹಿಡಿದೇ ನಿಂತ ಹಮಾಲರು, ಹಿಂದಿನ ಸೀಟಿನಲ್ಲಿ ನಾನು. ದಿಬ್ಬದ ಬುಡದಲ್ಲಿ ಕಾರು ಒಮ್ಮೆ ನಡುಗಿತು. ದೊಡ್ಡವ್ವ ಕ್ಲಚ್ಚಿನ ಮೇಲಿಂದ ಕಾಲನ್ನು ಮೆಲ್ಲನೆ ಎತ್ತಿದಳು. ಮುಂಭಾಗ ಮೇಲೆದ್ದಿತು, ಆಕಾಶ ಕಂಡಿತು, ಮಿಲ್ಲಿನ ತಗಡು ಕಂಡಿತು, ಕಾರು ಅಂಗಳದಲ್ಲಿ ನಿಂತಿತು. ದೊಡ್ಡಪ್ಪ ಒಂದು ಎತ್ತಿನ ಕೊರಳ ಹಾರ ತೆಗೆದು ಕಾರಿನ ಮೂತಿಗೆ ಹಾಕಿದ. ದೊಡ್ಡವ್ವ ಇಳಿದು, ತಾನು ಮೊದಲೇ ಹೇಳಿರಲಿಲ್ಲವೇ ಎಂದು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳಿದಳು.

ಮುಂದಿನ ಮಂಗಳವಾರ ಆಯಿ ಹೊಸ ಸೀರೆಯುಟ್ಟು ಬಂದು, ನೀರಮಾನ್ವಿಯ ಎಲ್ಲಮ್ಮನಿಗೆ ಹೋಗಬೇಕೆಂದು ಹೇಳಿ ಮುಂದಿನ ಸೀಟಿನಲ್ಲಿ ಕೂತಳು. ಮರಳುವಾಗ ಊರ ಮುಂದಿನ ಅದೇ ಏರನ್ನು ಕಾರು ಸರಾಗವಾಗಿ ಹತ್ತಿತು. ಹತ್ತಿದ ಮೇಲೆ ಆಯಿ ರಸ್ತೆ ನೋಡುತ್ತಲೇ, “ಅವತ್ತು ನಾ ಅಂದದ್ದು ಗಾಡಿಗೆ ಅಂತ ತಿಳಿ,” ಎಂದಳು.

“ಗಾಡಿಗೂ ಅನಬ್ಯಾಡತ್ತಿ. ಗಾಡಿದೂ ತಪ್ಪಿದ್ದಿಲ್ಲ.”

ಇಂದು ಆ ಮಿಲ್ಲಿಲ್ಲ, ಅಲ್ಲಿ ಅಂಗಡಿಗಳ ಸಾಲಿದೆ. ದಿಬ್ಬವನ್ನು ಕಡಿದು ಸಮ ಮಾಡಿದ್ದಾರೆ. ದೊಡ್ಡವ್ವ ತೀರಿಕೊಂಡ ಮೇಲೆ ಕಾರು ಕೈಯಿಂದ ಕೈಗೆ ಹೋಯಿತು. ಇವಕ್ಕೆಲ್ಲ ನಾನು ಮರುಗುವುದಿಲ್ಲ, ವಸ್ತುಗಳು ಹೋಗುವುದೇ ಹಾಗೆ. ಹೋಗಬಾರದ್ದೊಂದು ಹೋಗಿದೆ. ಅನ್ಯರು ಬಾಳಿಸಿದ ವಸ್ತುವೊಂದು ತನ್ನ ಕೈಗೆ ಬಂದಾಗ, ಮುಟ್ಟುವ ಮೊದಲು ಅವರ ಬಾಗಿಲಿಗೆ ಹೋಗಿ ಕೇಳಬೇಕೆಂಬ ಮರ್ಯಾದೆ ಅದು. ಹೆಚ್ಚು ಓದದ ಆ ಹೆಂಗಸಿಗೆ ಅದು ಇತ್ತು. ಮುಪ್ಪಿನ ವಕೀಲರಿಗೂ ಇತ್ತು, ಹುಸೇನಸಾಬನಿಗೂ ಇತ್ತು. ಅವರ ಯಾರ ಹೆಸರೂ ನಿಮ್ಮ ಫಲಕದಲ್ಲಿಲ್ಲ.

ಸಂಘಟಕರೇ, ಮಾಲೀಕರೇ, ಕಾರು ಸಿಕ್ಕಿದ್ದು ಮಾನ್ವಿಯಲ್ಲಿ ಎಂದು ನೀವೇ ಬರೆಸಿದ್ದೀರಿ. ರಾಯಚೂರಿನಿಂದ ಮಾನ್ವಿಗೆ ಈಗ ಡಾಂಬರಿನ ರಸ್ತೆಯಿದೆ, ನಿಮ್ಮ ಬಳಿ ವಾಹನಗಳಿಗೂ ಕೊರತೆಯಿಲ್ಲ. ನಿಮಗಿಂತ ಮೊದಲು ಇದನ್ನು ಓಡಿಸಿದವರು ಯಾರೆಂದು ಆ ಊರಿನ ಒಬ್ಬರನ್ನಾದರೂ ನೀವು ಕೇಳಿದ್ದಿರೇನು?