ಕರಿಮುಖದ ಅಚ್ಚು ಒಡೆದ ಮುನಿತಾಯಮ್ಮ

ಬೆಳಗಿನ ಐದೂವರೆ. ಹೊಸಕೋಟೆಯ ಹಳೆ ಮದ್ರಾಸ್ ರಸ್ತೆಯಲ್ಲಿ ಹಾಲಿನ ವ್ಯಾನು, ತರಕಾರಿ ಟೆಂಪೊಗಳ ಗದ್ದಲ ಆಗಲೇ ಶುರುವಾಗಿದೆ. ರಸ್ತೆಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ ಮುನಿತಾಯಮ್ಮ ಕಾಲು ಚಾಚಿ ಕೂತು, ತೊಡೆಯ ಮೇಲೆ ಪ್ಲಾಸ್ಟರಿನ ಮುಖವೊಂದನ್ನು ಇಟ್ಟುಕೊಂಡು ಮೀಸೆ ಬರೆಯುತ್ತಿದ್ದಾರೆ. ಹೊಸ ಮನೆಗೆ ಯಾರ ಕಣ್ಣೂ ಬೀಳದಿರಲೆಂದು ತೂಗುಹಾಕುವ ದೃಷ್ಟಿಬೊಂಬೆ ಅದು. ಕೋರೆಹಲ್ಲು, ಹುರಿಮೀಸೆ, ಚಾಚಿದ ನಾಲಿಗೆ ಎಲ್ಲ ಮುಗಿದ ಮೇಲೆಯೇ ಕಣ್ಣು. "ಕಣ್ಣು ಮೊದ್ಲೇ ಬರ್ದ್‌ಬಿಟ್ರೆ ಅದು ನಮ್ಮನ್ನೇ ನೋಡ್ತಾ ಕೂತ್ಕಂತದೆ, ಕೆಲ್ಸ ಓಡಲ್ಲ" ಎನ್ನುತ್ತಾರೆ, ಬ್ರಷ್ಷಿನಿಂದ ದೃಷ್ಟಿ ತೆಗೆಯದೆ.

ವಯಸ್ಸು ಐವತ್ತೆಂಟು. ಈ ಶೆಡ್ಡಿಗೆ ಸೊಸೆಯಾಗಿ ಬಂದು ಮೂವತ್ತನಾಲ್ಕು ವರ್ಷ. ಗಂಡ ವೆಂಕಟರಾಮಪ್ಪ ಅಚ್ಚಿಗೆ ಪ್ಲಾಸ್ಟರ್ ಸುರಿದು ಒಣಗಿಸಿಕೊಡುತ್ತಾರೆ, ಇವರು ಬಣ್ಣ ಹಾಕುತ್ತಾರೆ. ದಿನಕ್ಕೆ ನಲವತ್ತು ಮುಖ. ಇಲ್ಲಿಂದ ದೇವನಹಳ್ಳಿ, ಅತ್ತ ದೊಡ್ಡಬೆಳವಂಗಲದವರೆಗೆ ಎಷ್ಟೋ ಮನೆಗಳ ಮೇಲೆ ಕಣ್ಣರಳಿಸಿ ನಿಂತ ಬೊಂಬೆಗಳಿಗೆ ಆ ಕಣ್ಣು ಕೊಟ್ಟವರು ಇವರೇ. ಗೇಟಿನ ಮೇಲೆ ಮಾಲೀಕನ ಹೆಸರಿರುತ್ತದೆ, ಗೋಡೆಯ ಮೇಲೆ ಮೇಸ್ತ್ರಿಯ ಫೋನ್ ನಂಬರು. ಬೊಂಬೆ ಬರೆದವರ ಹೆಸರನ್ನು ಯಾರೂ ಕೇಳುವುದಿಲ್ಲ. "ಕೇಳ್ದಿರೋದೇ ಒಳ್ಳೇದಾಯ್ತು ಬಿಡಿ. ಇನ್ನೊಂಚೂರು ನಾಚ್ಕೆ ತಪ್ತು" ಎಂದು ಮುಖ ತಿರುಗಿಸುತ್ತಾರೆ.

ಬೈಕಿನಲ್ಲಿ ಬಂದ ಮೇಸ್ತ್ರಿಯೊಬ್ಬ ಇಳಿಯದೆಯೇ ಕೂಗುತ್ತಾನೆ. "ಅಮ್ಮೋ, ಆ ಕರೀದು ಇಲ್ವಾ? ದಪ್ಪ ತುಟೀದು?"

"ಅದು ಈಗ ಮಾಡಲ್ಲಪ್ಪಾ."

"ಅಯ್ಯೋ, ಅದ್ಕೇ ಅಲ್ವಾ ನಾನು ಇಲ್ಲೀಗಂಟ ಬಂದಿದ್ದು!" ಅವನು ಬೈಕ್ ತಿರುಗಿಸಿಕೊಂಡು ಹೋಗಿಯೇಬಿಡುತ್ತಾನೆ.

ವೆಂಕಟರಾಮಪ್ಪ ಲೊಚಗುಟ್ಟುತ್ತಾರೆ. ಅವರ ಬೇಸರಕ್ಕೂ ಕಾರಣವಿದೆ. ಶೆಡ್ಡಿನಲ್ಲಿ ಅತಿ ಹೆಚ್ಚು ಬಿಕರಿಯಾಗುತ್ತಿದ್ದ ಮುಖವೇ ಆ ಕರಿಮುಖ. ಅದರ ಅಚ್ಚನ್ನು ಮೂರು ತಿಂಗಳ ಹಿಂದೆ ಮುನಿತಾಯಮ್ಮ ಸುತ್ತಿಗೆಯಿಂದ ಪುಡಿ ಮಾಡಿದರು. ಗಂಡನನ್ನು ಒಂದು ಮಾತೂ ಕೇಳಲಿಲ್ಲ.

ಆ ಅಚ್ಚು ಮಾವನ ಕಾಲದ್ದು. ಬ್ರಿಟಿಷ್ ದೊರೆಗಳು ಇನ್ನೂ ಇದ್ದ ದಿನಗಳಲ್ಲಿ ವೆಂಕಟರಾಮಪ್ಪನವರ ತಂದೆ ಬಂಗಲೆಯೊಂದಕ್ಕೆ ಗಾರೆ ಕೆಲಸಕ್ಕೆ ಹೋಗಿದ್ದರಂತೆ. ಬಾಗಿಲ ಎರಡು ಬದಿಗೆ ವಿಲಾಯತಿಯಿಂದ ತರಿಸಿದ ಎರಡು ಕಬ್ಬಿಣದ ಬೊಂಬೆಗಳು, ಕೈಯಲ್ಲಿ ದೀಪ. ಒಬ್ಬ ಆಫ್ರಿಕಾದವನು: ಮಸಿಯಂಥ ಮುಖ, ಊದಿದ ಕೆಂಪು ತುಟಿ, ಕಿತ್ತು ಬರುವಂಥ ಕಣ್ಣು. ಇನ್ನೊಬ್ಬ ನಮ್ಮ ಕಡೆಯವನೇ: ಪೇಟ ಸುತ್ತಿ, ನಡು ಬಗ್ಗಿಸಿ, ಹಲ್ಲು ಕಿರಿದು ನಿಂತ ಜವಾನ.

"ನಮ್ಮೋನ ಬೊಂಬೆ ನೋಡಿ ನಮ್ಮಪ್ಪಂಗೆ ಮೈಯೆಲ್ಲಾ ಉರ್ದೋಯ್ತಂತೆ" ಎನ್ನುತ್ತಾರೆ ವೆಂಕಟರಾಮಪ್ಪ. "ನಮ್ಮನ್ನ ಹಿಂಗಾ ಮಾಡಿಡೋದು ಇವ್ರು ಅಂತ ಉಗ್ದು, ಅದನ್ನ ಮುಟ್ಟಲೇ ಇಲ್ಲ. ಆ ಕರಿಯಂದು ಮಾತ್ರ ನೋಡಿದ್ರೆ ಎದೆ ಝಲ್ಲನ್ನೋ ಹಂಗಿತ್ತು, ದೃಷ್ಟಿಗೆ ಚೆನ್ನಾಗಿರ್ತದೆ ಅಂತ ಅಚ್ಚು ತಗಂಡ್ ಬಂದ."

ಆ ಹಿರಿಯ ಜೀವವನ್ನು ಬೈಯಲು ಮನಸ್ಸು ಬರುವುದಿಲ್ಲ. ಆದರೂ ಸಂಕಟವಾಗುತ್ತದೆ. ತನ್ನವನ ಮುಖದಲ್ಲಿ ಥಟ್ಟನೆ ಕಂಡ ಅವಮಾನ ಪಕ್ಕದವನ ಮುಖದಲ್ಲಿ ಕಾಣಲೇ ಇಲ್ಲ. ದೊರೆಗಳು ಗಂಟುಮೂಟೆ ಕಟ್ಟಿಕೊಂಡು ಹೋದರು, ಅವರ ಕುಚೋದ್ಯವನ್ನು ನಾವು ಮನೆಯ ತಾರಸಿಗೆ ಏರಿಸಿಕೊಂಡೆವು. ಈ ಲೇಖನ ಬರೆಯುತ್ತಿರುವ ನನ್ನ ಮನೆಯ ಮೇಲೂ ಮೊನ್ನೆಮೊನ್ನೆಯವರೆಗೆ ಅದೇ ಮುಖ ತೂಗುತ್ತಿತ್ತು.

ನಾಲ್ಕು ವರ್ಷದ ಹಿಂದೆ ಶೆಡ್ಡಿನ ಹಿಂದಿನ ಮನೆಯ ಮಹಡಿ ಕೋಣೆಗೆ ನೀಮಾ ಬಾಡಿಗೆಗೆ ಬಂದಳು. ತಾಂಜಾನಿಯಾದ ಹುಡುಗಿ, ನರ್ಸಿಂಗ್ ವಿದ್ಯಾರ್ಥಿನಿ. ಅವಳು ಸೂಟ್‌ಕೇಸ್ ಎಳೆದುಕೊಂಡು ಮೆಟ್ಟಿಲು ಹತ್ತುವಾಗ ಪಕ್ಕದ ಮನೆಯ ಅನುಸೂಯಮ್ಮ ಸೆರಗು ಬಾಯಿಗೊತ್ತಿಕೊಂಡು, "ನಿನ್ ಬೊಂಬೆ ಜೀವ ಬಂದು ಓಡಾಡ್ತೈತೆ ನೋಡೇ" ಅಂದರು. ಮುನಿತಾಯಮ್ಮನೂ ನಕ್ಕರು. "ಹೊಟ್ಟೆ ಹಿಡ್ಕಂಡ್ ನಕ್ಕೆ. ಸುಳ್ ಯಾಕ್ ಹೇಳ್ಲಿ?"

ವಾರ ಕಳೆದ ಮೇಲೆ ನೀಮಾ ಶೆಡ್ಡಿಗೆ ಬಂದು, ಸಾಲಾಗಿ ಒಣಗಲು ಇಟ್ಟಿದ್ದ ಕರಿಮುಖಗಳನ್ನು ನೋಡುತ್ತ ನಿಂತುಬಿಟ್ಟಳು. ಇದು ಯಾರು ಎಂದು ಕೈಸನ್ನೆಯಲ್ಲೇ ಕೇಳಿದಳು. ಮುನಿತಾಯಮ್ಮ ಬ್ರಷ್ಷು ಕೆಳಗಿಟ್ಟರು. ಬಾಯಿಗೆ ಬಂದದ್ದು ಒಂದೇ ಮಾತು: "ದೇವ್ರು ಕಣಮ್ಮಾ. ಮನೆ ಕಾಯೋ ದೇವ್ರು."

ಬಸ್ಸಿನಲ್ಲಿ ತನ್ನ ಪಕ್ಕದ ಸೀಟು ಖಾಲಿ ಬಿಟ್ಟು ಜನ ನಿಂತೇ ಹೋಗುವ ಊರಿನಲ್ಲಿ, ಕಪ್ಪು ಮುಖವನ್ನು ದೇವರೆಂದು ಮನೆಯ ಮೇಲಿಡುತ್ತಾರೆ ಎಂಬುದು ಆ ಹುಡುಗಿಗೆ ಎಷ್ಟು ಹಿತವಾಯಿತೋ ಏನೋ. ತನಗೂ ಒಂದು ಬೇಕು ಎಂದು ಕೇಳಿ ಒಯ್ದಳು. ಓದುವ ಮೇಜಿನ ಮೇಲಿನ ಗೋಡೆಗೆ ತೂಗುಹಾಕಿದಳು. ಒಂದು ದಿನ ಮುನಿತಾಯಮ್ಮ ಸಾರು ಕೊಡಲು ಮೇಲೆ ಹೋದರೆ, ಪರೀಕ್ಷೆಗೆ ಹೊರಟ ನೀಮಾ ಚಪ್ಪಲಿ ಬಿಟ್ಟು ಅದರ ಮುಂದೆ ಕೈಮುಗಿದು ನಿಂತಿದ್ದಳು. ಬೊಂಬೆಯ ತಲೆಯ ಮೇಲೊಂದು ಸೇವಂತಿಗೆ.

"ಸಾರಿನ ಪಾತ್ರೆ ಅಲ್ಲೇ ಇಟ್ಟು ಇಳ್ದು ಬಂದೆ. ಆದ್ರೂ ಬಾಯ್ಬಿಡಲಿಲ್ಲ ನೋಡಿ ನಾನು. ಇವತ್ತು ಹೇಳಾನ, ನಾಳೆ ಹೇಳಾನ ಅಂತ ನಾಕು ವರ್ಷ ತಳ್ಳಿದೆ. ಅವಳು ಅಮ್ಮಾ ಅಮ್ಮಾ ಅಂತ ನನ್ ಕೈಯಾಗೆ ಊಟ ಮಾಡೋಳು."

ಈ ಬೇಸಿಗೆಯಲ್ಲಿ ಗೃಹಪ್ರವೇಶಕ್ಕೆ ಬೊಂಬೆ ಕೊಳ್ಳಲು ಬಂದ ಶಾಮಲಾ ಎಂಬ ಇತಿಹಾಸದ ಮೇಷ್ಟ್ರಮ್ಮ ಆ ಮುಖ ನೋಡಿ ಬೆಚ್ಚಿದರು. ಮೊಬೈಲಿನಲ್ಲಿ ಹಳೆಯ ಚಿತ್ರಗಳನ್ನು ತೋರಿಸಿದರು. ಸೋಪಿನ ಹೊದಿಕೆ, ಬಿಸ್ಕತ್ತಿನ ಡಬ್ಬಿ, ಬೆಂಕಿಪೆಟ್ಟಿಗೆ, ಎಲ್ಲದರ ಮೇಲೂ ಇದೇ ತುಟಿ, ಇದೇ ಕಣ್ಣು. "ಬೇರೆಯವರ ನೆಲ ಕಿತ್ಕೊಂಡು ಆಳೋದಕ್ಕೆ ನೆಪ ಬೇಕಿತ್ತಲ್ಲಮ್ಮ. ಇವರು ಪೂರಾ ಮನುಷ್ಯರಲ್ಲ ಅಂತ ಚಿತ್ರ ಬರೆದು ಬರೆದೇ ಲೋಕವನ್ನ ನಂಬಿಸಿದ್ರು. ನಮ್ಮನ್ನೂ ಹಾಗೇ ಬರೆದಿದ್ದಾರೆ" ಎಂದರು. ಪೇಟದ ಜವಾನನ ಚಿತ್ರವೂ ಅದರಲ್ಲಿತ್ತು. ಮುನಿತಾಯಮ್ಮನಿಗೆ ಮಾವನ ಸಿಟ್ಟು ಆಗ ಅರ್ಥವಾಯಿತು, ಜೊತೆಗೆ ತಾನು ಮಾಡುತ್ತಿರುವುದೂ.

ಓದು ಮುಗಿಸಿ ನೀಮಾ ಊರಿಗೆ ಹೊರಟ ದಿನ ಮುನಿತಾಯಮ್ಮ ಮೇಲೆ ಹೋದಾಗ, ಅವಳು ಬೊಂಬೆಯನ್ನು ಹೊಸ ಟವೆಲಿನಲ್ಲಿ ಸುತ್ತುತ್ತಿದ್ದಳು. "ನಮ್ಮ ತಾಯಿಗೆ. ಮನೆ ಕಾಯೋದಕ್ಕೆ" ಅಂದಳು. ಅಷ್ಟು ಹೊತ್ತಿಗೆ ಅವಳ ಕನ್ನಡ ಚೆನ್ನಾಗಿಯೇ ಪಳಗಿತ್ತು. ಇದು ಸಮುದ್ರ ದಾಟಿ ಆ ತಾಯಿಯ ಕೈಗೆ ಹೋಗುತ್ತದಲ್ಲ ಎಂದು ಮುನಿತಾಯಮ್ಮನಿಗೆ ಹೊಳೆಯಿತು. ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿಬಿಟ್ಟರು. ಬಂಗಲೆ, ಅಚ್ಚು, ಮೊದಲ ದಿನದ ನಗು, ಸುಳ್ಳು.

ನೀಮಾ ಟವೆಲ್ ಬಿಚ್ಚಿ ಆ ಮುಖವನ್ನು ತುಂಬ ಹೊತ್ತು ನೋಡಿದಳು.

"ಈ ಕಣ್ಣು ಬರೆದಿದ್ದು ನೀವಾ ಅಮ್ಮ?"

"ನಾನೇ."

"ನಾನು ಬಂದ ಮೇಲೂ?"

"ಹೂಂ ಕಣಮ್ಮಾ."

ನೀಮಾ ಬೊಂಬೆಯನ್ನು ಮುನಿತಾಯಮ್ಮನ ಮಡಿಲಲ್ಲಿಟ್ಟು ಚಪ್ಪಲಿ ಮೆಟ್ಟಿಕೊಂಡಳು. ಕೆಳಗೆ ಆಟೊ ಕಾಯುತ್ತಿತ್ತು. ಮುನಿತಾಯಮ್ಮ ಅಚ್ಚು ಒಡೆದದ್ದು ಅದಾದ ಅರ್ಧ ಗಂಟೆಗೆ.

ಇಷ್ಟು ಹೇಳಿ ಮುನಿತಾಯಮ್ಮ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಅದನ್ನು ಚಿಂದಿಬಟ್ಟೆಯಲ್ಲಿ ಒರೆಸುತ್ತಾರೆ.

"ಅವ್ಳು ಬೈದಿದ್ರೆ ಚೆನ್ನಾಗಿತ್ತು. ಬೈಯಲಿಲ್ಲ. ಮೆಟ್ಲು ಇಳೀತಾ ಹಿಂದಕ್ ತಿರುಗಿ ನೋಡ್ದೇನೆ, ಹೋಗ್ತೀನಿ ಅಂದ್ಳು. ಹಂಗನ್ಬಾರ್ದು ಮಗಾ, ಹೋಗ್‌ಬರ್ತೀನಿ ಅನ್ಬೇಕು ಅಂತ ತಿದ್ದೋಕೆ ನಂಗ್ಯಾವ ಮುಖ ಇತ್ತು ಹೇಳಿ?"