ಗೂಬೆಯ ಪೊಟರೆಯ ಮುಂದೆ

ನಿಮ್ಮ ಮನೆಯ ಮೇಲೆ ಗೂಬೆ ಕುಳಿತರೆ, ಅಪರಾಧಿ ಅದೇ ಎಂದು ತೀರ್ಮಾನಿಸಲು ನಿಮಗೆ ಎಷ್ಟು ಹೊತ್ತು ಬೇಕು?

ಇಂದು ಬೆಳಿಗ್ಗೆ ಹಕ್ಕಿಗಳನ್ನು ನೋಡುತ್ತ ಸಾದಲಿಯ ಕುರುಚಲು ಬಯಲನ್ನು ದಾಟಿ, ಹೊಸ ಚಿಗುರಿನ ಹೊಂಗೆಯ ತೋಪನ್ನು ಹೊಕ್ಕೆ. ಅಲ್ಲಿ ರೇಷ್ಮೆಹುಳು ಸಾಕುವ ಮುನಿಶಾಮಪ್ಪನವರು ಹಳೆಯ ಹುಣಸೆಮರದ ಪೊಟರೆಗೆ ಒಣಹುಲ್ಲು ತುರುಕಿ, ಬೆಂಕಿಪೆಟ್ಟಿಗೆ ತೆರೆಯುತ್ತಿದ್ದರು. ಒಳಗೆ ಗೂಬೆಯ ಮರಿಗಳು ಕೀರಲು ದನಿಯಲ್ಲಿ ಕೂಗುತ್ತಿದ್ದವು. ನಾನು ಹೋಗಿ ಮರಕ್ಕೆ ಬೆನ್ನು ಕೊಟ್ಟು ನಿಂತೆ.

“ಪಕ್ಕಕ್ಕೆ ಬನ್ನಿ ಸ್ವಾಮಿ. ಇದು ನಮ್ಮ ಹುಳದ ಮನೆ ಮೇಲೆ ಕೂತ್ಕೊಂಡು ದೃಷ್ಟಿ ಹಾಕ್ತದೆ. ದಿನಾ ಬೆಳಗಾದ್ರೆ ತಟ್ಟೇಲಿ ಹುಳ ಕಮ್ಮಿಯಾಗ್ತಾವೆ. ಗೂಡು ಕಟ್ಟೋ ಹೊತ್ತಿಗೆ ನನಗೇನು ಉಳೀತದೆ?”

“ನಾನು ಇಲ್ಲಿಂದ ಕದಲುವುದಿಲ್ಲ. ದೃಷ್ಟಿ ಹುಳುವನ್ನು ತಿನ್ನುತ್ತದೆಯೇ?” ಎಂದೆ.

ಸೊಪ್ಪಿನ ಮಂಕರಿ ಹೊತ್ತು ಬಂದ ಅವರ ಹೆಂಡತಿ ವೆಂಕಟಮ್ಮ ನಕ್ಕರು: “ಪಟ್ಟಣದೋರು ಗೂಬೆಗೂ ವಕಾಲತ್ತು ಹಾಕ್ತಾರಾ!”

ಮರದ ಬುಡದಲ್ಲಿ, ತಿಂದದ್ದರಲ್ಲಿ ಅರಗದ ಕೂದಲು-ಮೂಳೆಗಳನ್ನು ಗೂಬೆ ಕಕ್ಕಿದ ಉಂಡೆಗಳು ಬಿದ್ದಿದ್ದವು. ಒಂದನ್ನು ಅಂಗೈಯಲ್ಲಿ ಒಡೆದು ತೋರಿಸಿದೆ. ಬೂದುಬಣ್ಣದ ಕೂದಲಿನ ನಡುವೆ ಪುಟ್ಟದೊಂದು ದವಡೆಯೂ ಎರಡು ಹಳದಿ ಬಾಚಿಹಲ್ಲುಗಳೂ ಇದ್ದವು.

ವೆಂಕಟಮ್ಮ ಮಂಕರಿ ಇಳಿಸಿ ಬಗ್ಗಿ ನೋಡಿದರು. “ಇಲಿ ಹಲ್ಲು! ನಮ್ಮ ಹುಳ ತಿಂದಿದ್ದು ಇಲಿ ಕಣ್ರಿ, ಗೂಬೆ ಅಲ್ಲ.”

“ಆದ್ರೂ ಅಪಶಕುನ ಅಲ್ವೇನೆ?” ಎಂದರು ಗಂಡ.

“ನಿಮ್ಮ ಶಕುನ ಬಂದು ಇಲಿ ಹಿಡೀತದಾ? ಹುಲ್ಲು ತೆಗೀರಿ ಮೊದ್ಲು.”

ಮುನಿಶಾಮಪ್ಪನವರು ಗೊಣಗುತ್ತಲೇ ಹುಲ್ಲನ್ನು ಹೊರಗೆಳೆದು, “ಈ ಹುಳದ ಬೆಳೆ ಮುಗಿಯೋ ತನಕ ಇರ್ಲಿ” ಎಂದರು. ಆ ಗಡುವನ್ನು ನಾನು ಒಪ್ಪಲಿಲ್ಲ. ಬೆಳೆ ಮುಗಿದ ಮೇಲೂ ಬಂದು ಇಲ್ಲೇ ನಿಲ್ಲುತ್ತೇನೆಂದು ಹೇಳಿಯೇ ಹೊರಟೆ.

ಓದುಗರೇ, ನಿಮ್ಮ ಊರಿನಲ್ಲಿ ಗೂಬೆಯ ಪೊಟರೆಗೆ ಬೆಂಕಿಯಿಡಲು ಯಾರಾದರೂ ಹೊರಟರೆ ದಯವಿಟ್ಟು ತಡೆಯಿರಿ.