ಮಿತಿ ಹಾಕಿದರೂ ತುಂಬಿದ ಸರ್ವರ್

‘ಡಿಗ್ರಿ ಆತಲ್ಲ, ಸಾಕು. ಸರ್ವರ್ ಗಿರ್ವರ್ ಈಕಿ ಕೈಲಿ ಆಗಂಗಿಲ್ಲ’ ಅಂದವನು ಮೆಟ್ರಿ ಊರಿನ ನನ್ನ ಸೋದರಮಾವ, ಕಾಲುವೆ ನೀರು ಹಂಚುವ ನೀರುಗಂಟಿ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು!

ಹೊಸಪೇಟೆಯಲ್ಲಿ ನಾನು ಸೇರಿದ್ದ ಕಂಪ್ಯೂಟರ್ ಸರ್ವರ್ ತರಬೇತಿಯ ಕೊನೆಯ ಪರೀಕ್ಷೆ. ಒಬ್ಬನೇ ಬಳಕೆದಾರ ಸರ್ವರಿನ ಜಾಗವನ್ನೆಲ್ಲ ನುಂಗದಂತೆ ಮಿತಿ, ಅಂದರೆ ಕೋಟಾ, ಹಾಕಬೇಕಿತ್ತು. ಹಾಕಿದೆ. ಆದರೂ ಫೈಲುಗಳು ಮಿತಿ ದಾಟಿ ತುಂಬುತ್ತಲೇ ಇದ್ದವು. ಫೇಲಾದರೆ ಮಾವನ ಮಾತೇ ನಿಜವಾಗುತ್ತಿತ್ತು. ಆಗ ಅವನ ಕಾಲುವೆಯೇ ನೆನಪಾಯಿತು: ಯಾರ ಪಾಲು ಎಷ್ಟೆಂದು ಹೇಳಿದರೆ ನೀರು ನಿಲ್ಲುವುದಿಲ್ಲ, ತೂಬು ಮುಚ್ಚಬೇಕು. ನಾನು ಮಿತಿ ಬರೆದಿದ್ದೆ, ಕೋಟಾ ಚಾಲೂ ಮಾಡಿರಲೇ ಇಲ್ಲ! ಮಾಡಿದೆ. ಮುಂದಿನ ಫೈಲು ಅಲ್ಲೇ ನಿಂತಿತು. ಕುಂತಲ್ಲೇ ಕುಣಿದೆ.

ಸರ್ಟಿಫಿಕೇಟ್ ಮಾವನ ಕೈಗಿಟ್ಟು ಇದನ್ನೆಲ್ಲ ಹೇಳಿದೆ.

‘ಹಂಗಾದ್ರ ಕಲಿಸಿದಾಂವ ನಾನಾ ಆದ್ನಲ್ಲವ್ವಾ! ನನ್ನ ಹೆಸರೂ ಹಾಕಿಸಬೇಕಿತ್ತು ಇದ್ರಾಗ!’